ಊರಿನ ಮಣ್ಣಲ್ಲೇ ಸೀಸ ಸೇರಿದಾಗ: ಪತ್ತೆ, ಸ್ವಚ್ಛತೆ, ಮದ್ದು, ತಡೆ – ಒಂದು ಸಮಗ್ರ ಮಾರ್ಗದರ್ಶಿ

2010ರ ಮಾರ್ಚ್‌ನಲ್ಲಿ ನೈಜೀರಿಯಾದ ಜಂಫಾರಾ ರಾಜ್ಯದ ಯಾರ್ಗಲ್ಮಾ, ಡರೇಟಾ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳು ಫಿಟ್ಸ್ ಬಂದು ಸಾಯುತ್ತಿದ್ದರು. ಮಲೇರಿಯಾ ಇರಬೇಕು ಅಂದುಕೊಂಡರು. ಮಲೇರಿಯಾ ಮಾತ್ರೆಗೆ ಕಾಯಿಲೆ ಬಗ್ಗಲಿಲ್ಲ. ಮೆದುಳು ಜ್ವರದ ಪತ್ತೆಗೆಂದು ಆ ಭಾಗದಲ್ಲಿದ್ದ ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು ಎಂಬ ಅಂತರರಾಷ್ಟ್ರೀಯ ಸಂಸ್ಥೆ) ವೈದ್ಯರ ತಂಡಕ್ಕೆ ಏನೋ ಸರಿಯಿಲ್ಲ ಅನ್ನಿಸಿತು. ರಕ್ತದ ಮಾದರಿ ಹೊರದೇಶದ ಲ್ಯಾಬಿಗೆ ಹೋಯಿತು. ಬಂದ ಉತ್ತರ: ಸೀಸ. ಆ ಸೀಮೆಯಲ್ಲಿ ಸತ್ತ ಮಕ್ಕಳ ಸಂಖ್ಯೆ 400 ದಾಟಿತ್ತು ಅನ್ನುವುದು ಅಂದಾಜು.

ಕಾರಣ ಚಿನ್ನ. ಚಿನ್ನದ ಬೆಲೆ ಏರಿತ್ತು. ಗಂಡಸರು ಗುಂಡಿ ತೋಡಿ ಕಲ್ಲು ತರುತ್ತಿದ್ದರು. ಮನೆಯ ಅಂಗಳದಲ್ಲಿ ಅದನ್ನು ಒಡೆದು, ಜೋಳ ಬೀಸುವ ಮಿಲ್ಲಿನಲ್ಲೇ ನುಣ್ಣಗೆ ಪುಡಿ ಮಾಡಿ, ತೊಳೆದು, ಪಾದರಸ ಹಾಕಿ ಚಿನ್ನ ತೆಗೆಯುತ್ತಿದ್ದರು. ಆ ಕಲ್ಲಿನಲ್ಲಿ ಚಿನ್ನದ ಜೊತೆ ವಿಪರೀತ ಸೀಸ ಇತ್ತು. ಅದೂ ಹೊಟ್ಟೆಯಲ್ಲಿ ಸುಲಭವಾಗಿ ಕರಗುವ ರೂಪದ್ದು.

ಆಮೇಲೆ ಎಂಟು ಹಳ್ಳಿಗಳನ್ನು ಶುಚಿ ಮಾಡಿದರು. ಈ ಮಾರ್ಗದರ್ಶಿಗೆ ಮುಖ್ಯ ಆಧಾರ ಆ ಕೆಲಸವೇ. ಸೆನೆಗಲ್, ಜಾಂಬಿಯಾ, ಕೆನ್ಯಾಗಳಲ್ಲಿ ಕಲಿತ ಪಾಠಗಳನ್ನೂ ಸೇರಿಸಿದ್ದೇನೆ. ಆಫ್ರಿಕಾದಲ್ಲಿ ಆಸ್ಪತ್ರೆ, ಗಣಿ, ಕಟ್ಟಡ, ಸ್ವಯಂಸೇವಾ ಸಂಸ್ಥೆಗಳಲ್ಲಿರುವ ಕನ್ನಡಿಗರಿಗೆ ಇದು ನೇರವಾಗಿ ಕೆಲಸಕ್ಕೆ ಬಂದೀತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಸೀಸ ಬರುವ ದಾರಿ ಮೊದಲು ನಿಲ್ಲಬೇಕು. ಆಮೇಲೆ ಮಣ್ಣು ತೆಗೆಯಬೇಕು. ಮದ್ದು ಅದರ ನಂತರ. ಹಿಂದುಮುಂದು ಮಾಡಿದರೆ ದುಡ್ಡು ಖರ್ಚಾಗುತ್ತದೆ, ಮಗುವಿನ ರಕ್ತದಲ್ಲಿ ಸೀಸ ಇದ್ದಷ್ಟೇ ಇರುತ್ತದೆ.

ಹಂತ 1: ಅನುಮಾನ ಪಡಬೇಕಾದದ್ದು ಯಾವಾಗ

ಸೀಸಕ್ಕೆ ತನ್ನದೇ ಅಂತ ಒಂದು ಲಕ್ಷಣ ಇಲ್ಲ. ಹೊಟ್ಟೆನೋವು, ವಾಂತಿ, ಮಲಬದ್ಧತೆ, ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವುದು, ಸಿಡುಕು, ನಡೆಯುತ್ತಿದ್ದ ಮಗು ನಡೆಯುವುದನ್ನು ಬಿಡುವುದು. ತುಂಬಾ ಜಾಸ್ತಿಯಾದರೆ ಫಿಟ್ಸ್, ಕೋಮಾ. ಇವೆಲ್ಲ ಬೇರೆ ಹತ್ತು ಕಾಯಿಲೆಗಳಲ್ಲೂ ಬರುತ್ತವೆ. ಜಂಫಾರಾದ ಎರಡು ಹಳ್ಳಿಗಳಲ್ಲಿ ಮನೆಮನೆ ವಿಚಾರಿಸಿದಾಗ, ಐದು ವರ್ಷದೊಳಗಿನ 463 ಮಕ್ಕಳಲ್ಲಿ 118 ಮಕ್ಕಳು ಹಿಂದಿನ ಒಂದು ವರ್ಷದಲ್ಲಿ ಸತ್ತಿದ್ದರು. ಹತ್ತರಲ್ಲಿ ಎಂಟು ಮಕ್ಕಳಿಗೆ ಸಾಯುವ ಮೊದಲು ಫಿಟ್ಸ್ ಬಂದಿತ್ತು.

ಹಾಗಾಗಿ ಒಂದು ಮಗುವನ್ನು ನೋಡಿ ತೀರ್ಮಾನಿಸಬೇಡಿ, ಊರನ್ನು ನೋಡಿ. ಒಂದೇ ಕೇರಿಯಲ್ಲಿ ಜ್ವರವಿಲ್ಲದೆ ಫಿಟ್ಸ್ ಬರುವ ಮಕ್ಕಳು ಹೆಚ್ಚಾಗಿದ್ದಾರಾ? ಕೋಳಿ, ಬಾತುಕೋಳಿ, ಮೇಕೆಗಳು ಸುಮ್ನೆ ಸಾಯುತ್ತಿವೆಯಾ? ಹತ್ತಿರದಲ್ಲಿ ಕಲ್ಲು ಪುಡಿ ಮಾಡುತ್ತಾರಾ, ಹಳೇ ಬ್ಯಾಟರಿ ಒಡೆಯುತ್ತಾರಾ, ಲೋಹ ಕರಗಿಸುತ್ತಾರಾ? ಎರಡಕ್ಕೆ ಹೌದು ಅನ್ನುವ ಉತ್ತರ ಬಂದರೆ ರಕ್ತ ಪರೀಕ್ಷೆಯ ಉತ್ತರಕ್ಕೆ ಕಾಯದೆ ಮೂಲ ನಿಲ್ಲಿಸುವ ಕೆಲಸ ಶುರು ಮಾಡಿ.

ಅಪಾಯ ಜಾಸ್ತಿ ಇರುವುದು ಚಿಕ್ಕವರಿಗೆ. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಸುಮಾರು ಹತ್ತನೇ ಒಂದು ಪಾಲು ಹೀರಿಕೊಂಡರೆ, ಪುಟ್ಟ ಮಕ್ಕಳ ಮೈ ಅರ್ಧದಷ್ಟು ಹೀರಿಕೊಳ್ಳುತ್ತದೆ. ಮೇಲಾಗಿ ಅವರು ನೆಲದಲ್ಲೇ ಆಡಿ, ಕೈ ಬಾಯಿಗೆ ಹಾಕುವವರು. ಗರ್ಭಿಣಿಯ ಮೈಯಲ್ಲಿರುವ ಸೀಸ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ.

ಹಂತ 2: ರಕ್ತ ಪರೀಕ್ಷೆ, ಅದೂ ಕೈ ತೊಳೆಸಿ

ಹಳ್ಳಿಯಲ್ಲಿ ಬಳಸುವುದು ಸಾಮಾನ್ಯವಾಗಿ ಕೈಯಲ್ಲಿ ಹಿಡಿದು ಹೋಗಬಹುದಾದ ಪುಟ್ಟ ಯಂತ್ರ. ಬೆರಳ ತುದಿ ಚುಚ್ಚಿ ಎರಡು ಹನಿ ರಕ್ತ ತೆಗೆದರೆ ಮೂರು ನಿಮಿಷದಲ್ಲಿ ಅಂಕಿ ಬರುತ್ತದೆ. ಎಡವಟ್ಟು ಆಗುವುದು ಯಂತ್ರದಲ್ಲಲ್ಲ, ಬೆರಳಲ್ಲಿ. ಊರಿನ ಧೂಳಲ್ಲೇ ಸೀಸ ಇರುವಾಗ ಮಗುವಿನ ಬೆರಳ ಮೇಲೂ ಅದೇ ಧೂಳು ಇರುತ್ತದಲ್ವಾ? ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಬೇರೆ ಕಡೆಯಿಂದ ತಂದ ನೀರಲ್ಲಿ, ಸೋಪು ಹಾಕಿ, ಉಗುರಿನ ಸಂದಿ ಸಮೇತ ತೊಳೆಯಿರಿ. ಹೊಸ ಟಿಶ್ಯೂ ಕಾಗದದಲ್ಲಿ ಒರೆಸಿ. ತಾಯಿಯ ಸೆರಗಿಗೂ ಮುಟ್ಟಿಸದೆ ತಕ್ಷಣ ಚುಚ್ಚಿ. ಮೊದಲ ಹನಿ ಒರೆಸಿ ಬಿಸಾಕಿ. ಇಲ್ಲದಿದ್ದರೆ ನೀವು ಅಳೆಯುವುದು ಅಂಗಳದ ಮಣ್ಣನ್ನು.

ಇನ್ನೆರಡು ತೊಂದರೆ. ಸಾಮಾನ್ಯ ಕೈಯಂತ್ರ ಒಂದು ಡೆಸಿಲೀಟರ್ (100 ಮಿಲಿ) ರಕ್ತದಲ್ಲಿ ಸೀಸ 65 ಮೈಕ್ರೋಗ್ರಾಂ ದಾಟಿದರೆ ಬರೀ 'ಹೈ' ಅನ್ನುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅಂಥ ಮಕ್ಕಳಿಗೆ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಲೇಬೇಕು. ಜೊತೆಗೆ ಬಿಸಿಲು ಜಾಸ್ತಿ ಇರುವ ಕಡೆ ಯಂತ್ರ ಮುಷ್ಕರ ಹೂಡುತ್ತದೆ. ಬೆಳಿಗ್ಗೆ ಬೇಗ, ನೆರಳಲ್ಲಿ ಕೆಲಸ ಮುಗಿಸಿ.

ಅಂಕಿ ಓದುವುದು ಹೀಗೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇದ್ದರೆ ಮೂಲ ಹುಡುಕಿ ನಿಲ್ಲಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಮಕ್ಕಳಲ್ಲಿ 45 ಮುಟ್ಟಿದರೆ ಸೀಸ ಹೊರಹಾಕುವ ಮದ್ದು ಬೇಕು. ಆ ಎರಡು ಹಳ್ಳಿಗಳಲ್ಲಿ ಬದುಕುಳಿದು ಪರೀಕ್ಷೆಗೆ ಬಂದ 204 ಮಕ್ಕಳಲ್ಲಿ 97 ಶೇಕಡಾ ಮಕ್ಕಳು 45 ದಾಟಿದ್ದರು.

ಅಂಕಿಗಳಿಲ್ಲದೆ ಯಾವ ಸರ್ಕಾರವೂ ಅಲುಗುವುದಿಲ್ಲ. ಈ ಪಾಠ ನಮ್ಮವರಿಗೆ ಹೊಸದಲ್ಲ. 1990ರ ದಶಕದ ಕೊನೆಗೆ ಬೆಂಗಳೂರಿನಿಂದ ಜಾರ್ಜ್ ಫೌಂಡೇಶನ್ ದೇಶದ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತ್ತು. ಸೇಂಟ್ ಜಾನ್ಸ್‌ನ ಡಾ. ವೆಂಕಟೇಶ್ ತುಪ್ಪಿಲ್ ಆ ಕೆಲಸವನ್ನು ವರ್ಷಗಟ್ಟಲೆ ಮುಂದುವರಿಸಿದರು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ್ದು ಆಫ್ರಿಕಾದ ಅಲ್ಜೀರಿಯಾ, 2021ರಲ್ಲಿ.

ಹಂತ 3: ಮೂಲ ನಿಲ್ಲಿಸಿ, ಆದರೆ ಹೊಟ್ಟೆಪಾಡು ಕಸಿಯಬೇಡಿ

ಪೊಲೀಸರನ್ನು ಕರೆಸಿ ಗಣಿ ಮುಚ್ಚಿಸೋಣ ಅಂತ ಅಧಿಕಾರಿಗಳಿಗೆ ಮೊದಲು ಹೊಳೆಯುತ್ತದೆ. ನನ್ನ ಪ್ರಕಾರ ಇದು ಅತಿ ಕೆಟ್ಟ ಉಪಾಯ. ಗಣಿ ಮುಚ್ಚುವುದಿಲ್ಲ, ರಾತ್ರಿಗೆ ಬದಲಾಗುತ್ತದೆ. ಕಲ್ಲು ಬಯಲಿಂದ ಮಲಗುವ ಕೋಣೆಗೆ ಬರುತ್ತದೆ.

ಕೆಲಸದ ಜಾಗ ಬದಲಿಸಲು ಕೇಳಿ. ಒಡೆಯುವುದು, ಬೀಸುವುದು, ತೊಳೆಯುವುದು ಎಲ್ಲ ಊರಾಚೆ ಹೋಗಲಿ. ಬಾವಿ, ಕೆರೆಗಳಿಂದ ದೂರ, ಗಾಳಿ ಊರ ಕಡೆ ಬೀಸದ ಕಡೆ. ಜೋಳ ಬೀಸುವ ಮಿಲ್ಲಿಗೆ ಕಲ್ಲು ಹಾಕಲೇಬಾರದು. ಮನೆಗಳಲ್ಲಿ ಗೋಣಿಚೀಲದಲ್ಲಿ ತುಂಬಿಟ್ಟ ಕಲ್ಲು ಇರುತ್ತದೆ. ಅದು ಆ ಮನೆಯ ಉಳಿತಾಯ. ಕಿತ್ತುಕೊಂಡರೆ ಬಚ್ಚಿಡುತ್ತಾರೆ. ಊರಾಚೆ ಕಾವಲಿರುವ ಜಾಗ ಮಾಡಿ, ಚೀಲದ ಮೇಲೆ ಹೆಸರು ಬರೆದು ಅಲ್ಲಿಗೆ ಸಾಗಿಸಿ. ಹೆಸರಿದ್ದರೆ ಜನ ತಾವೇ ಹೊತ್ತು ತರುತ್ತಾರೆ.

ಹಂತ 4: ಯಾರನ್ನು ಕೇಳಬೇಕು

ಮೊದಲು ಊರ ಮುಖ್ಯಸ್ಥರು, ಮಸೀದಿಯ ಇಮಾಮರು. ಜಂಫಾರಾದಲ್ಲಿ ಎಮಿರ್‌ಗಳ, ಅಂದರೆ ಸಾಂಪ್ರದಾಯಿಕ ಮುಸ್ಲಿಂ ದೊರೆಗಳ ಮಾತು ನಡೆಯುತ್ತದೆ. ಅವರ ಒಪ್ಪಿಗೆ ಇಲ್ಲದೆ ಸಲಿಕೆ ಎತ್ತುವಂತಿಲ್ಲ. ಆದರೆ ಅಲ್ಲಿಗೇ ನಿಂತರೆ ಅರ್ಧ ಕೆಲಸ ಆಯಿತು ಅಷ್ಟೆ. ಅಲ್ಲಿನ ಹೌಸಾ ಜನರ ಮನೆಗಳ ಒಳ ಅಂಗಳ ಹೆಂಗಸರದು, ಹೊರಗಿನ ಗಂಡಸರು ಅಲ್ಲಿಗೆ ಹೋಗುವ ಹಾಗಿಲ್ಲ. ಕಲ್ಲು ಎಲ್ಲಿ ಕುಟ್ಟಿದರು, ಎಲ್ಲಿ ತೊಳೆದರು, ಮಗು ಎಲ್ಲಿ ಮಲಗುತ್ತದೆ, ಇದೆಲ್ಲ ಗೊತ್ತಿರುವುದು ಅವರಿಗೇ. ಹಾಗಾಗಿ ತಂಡದಲ್ಲಿ ಸ್ಥಳೀಯ ಹೆಂಗಸರು ಇರಲೇಬೇಕು, ಸಂಬಳ ಕೊಟ್ಟು.

ಮಗು ಸತ್ತ ಮನೆಗೆ ಹೋದಾಗ 'ನಿಮ್ಮ ಕೆಲಸದಿಂದ ಹೀಗಾಯಿತು' ಅನ್ನಬೇಡಿ. ಕಲ್ಲಲ್ಲಿ ಇಂಥದ್ದು ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ಮಾತು ಆಡಿದ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ.

ಹಂತ 5: ಮಣ್ಣು ಅಳೆಯುವುದು

ಇದಕ್ಕೆ ಎಕ್ಸ್‌ಆರ್‌ಎಫ್ ಅನ್ನುವ ಉಪಕರಣ ಬೇಕು. ಡ್ರಿಲ್ಲಿಂಗ್ ಮೆಷಿನ್ ಆಕಾರದ್ದು. ಮಣ್ಣಿಗೆ ತಾಗಿಸಿ ಒಂದು ನಿಮಿಷ ಹಿಡಿದರೆ ಸೀಸ ಎಷ್ಟು ಪಿಪಿಎಂ ಅಂತ ತೋರಿಸುತ್ತದೆ. ಪಿಪಿಎಂ ಅಂದರೆ ಒಂದು ಕೆಜಿ ಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ ತಿಳಿಯಿರಿ. ಒದ್ದೆ ಮಣ್ಣಲ್ಲಿ ಅಂಕಿ ಕಡಿಮೆ ಬರುತ್ತದೆ, ಒಣಗಿದ ಮೇಲೇ ಅಳೆಯಿರಿ. ಉಪಕರಣದಿಂದ ಎಕ್ಸ್-ಕಿರಣ ಬರುತ್ತದೆ, ತರಬೇತಿ ಇಲ್ಲದವರ ಕೈಗೆ ಕೊಡಬೇಡಿ.

ಪ್ರತಿ ಮನೆಗೆ ಒಂದು ಕಾಗದದ ನಕ್ಷೆ ಮಾಡಿ: ಕೋಣೆ, ಒಲೆ, ಕಣಜ, ಬಾವಿ, ಮೇಕೆ ಕಟ್ಟುವ ಜಾಗ, ಬಾಗಿಲು. ನಕ್ಷೆಯ ಮೇಲೇ ಅಂಕಿ ಬರೆಯಿರಿ. ಜಂಫಾರಾದಲ್ಲಿ ಅನುಸರಿಸಿದ ಲೆಕ್ಕ: 1,000 ಪಿಪಿಎಂ ದಾಟಿದರೆ ಮಣ್ಣು ತೆಗೆಯುವುದು, 400ರಿಂದ 1,000ದ ನಡುವೆ ಇದ್ದರೆ ಮೇಲೆ ಶುದ್ಧ ಮಣ್ಣು ಮುಚ್ಚುವುದು. 400 ಅನ್ನುವುದು ಮಕ್ಕಳು ಆಡುವ ಜಾಗಕ್ಕೆ ಅಮೆರಿಕದಲ್ಲಿ ಆಗ ಇದ್ದ ಮಿತಿ. ಅದನ್ನು ಅವರು ಈಗ ಇನ್ನೂ ಇಳಿಸಿದ್ದಾರೆ. ಹಾಗಾಗಿ ಕೈಲಾದರೆ ನೀವೂ ಬಿಗಿಯಾದ ಮಿತಿ ಇಟ್ಟುಕೊಳ್ಳಿ. ಕೆಲವು ಅಂಗಳಗಳಲ್ಲಿ ಅಂಕಿ ಲಕ್ಷ ದಾಟಿತ್ತು. ಅಂದರೆ ಮಣ್ಣಿನ ಹತ್ತನೇ ಒಂದು ಪಾಲು ಸೀಸ.

ಹಂತ 6: ಮಣ್ಣು ತೆಗೆಯುವುದು

ದೊಡ್ಡ ಯಂತ್ರಗಳು ಮಣ್ಣಿನ ಮನೆಗಳ ಓಣಿಗೆ ಬರುವುದಿಲ್ಲ. ಬೇಕಾದದ್ದು ಗುದ್ದಲಿ, ಸಲಿಕೆ, ಬಾಂಡ್ಲಿ, ಗಟ್ಟಿ ಚೀಲ, ನೀರಿನ ಕ್ಯಾನು, ಮಾಸ್ಕ್, ಕೈಗವಸು, ಬೂಟು. ಕೂಲಿಗೆ ಅದೇ ಊರಿನವರು.

ಹಿಂದಿನ ದಿನ ಸಂಜೆ ಮನೆಯವರಿಗೆ ಹೇಳಿ. ಬೆಳಿಗ್ಗೆ ಮಕ್ಕಳು, ಗರ್ಭಿಣಿಯರು, ಕೋಳಿ, ಮೇಕೆ ಎಲ್ಲ ಬೇರೆ ಕಡೆ ಹೋಗಬೇಕು. ಚಾಪೆ, ಹಾಸಿಗೆ, ಪಾತ್ರೆ ಹೊರಗೆ ತಂದು ತೊಳೆಯಿರಿ, ಕೊಡವಬೇಡಿ. ತೆರೆದಿಟ್ಟ ಧಾನ್ಯ ಇದ್ದರೆ ಅದನ್ನೂ ಅಳೆಯಿರಿ.

ಅತಿ ಒಳಗಿನ ಕೋಣೆಯಿಂದ ಶುರು ಮಾಡಿ, ಬಾಗಿಲ ಕಡೆ ಬನ್ನಿ. ಹೊರಗಿಂದ ಒಳಕ್ಕೆ ಹೋದರೆ ಶುಚಿ ಮಾಡಿದ ಜಾಗದ ಮೇಲೇ ವಿಷದ ಚೀಲ ಹೊತ್ತು ಓಡಾಡಬೇಕಾಗುತ್ತದೆ. ಮೊದಲು ನೀರು ಚಿಮುಕಿಸಿ. ಧೂಳು ಏಳಬಾರದು, ಆದರೆ ಕೆಸರೂ ಆಗಬಾರದು. ಸೆಗಣಿ ಸಾರಿಸುವ ಮುಂಚೆ ಅಂಗಳಕ್ಕೆ ನೀರು ಹಾಕುತ್ತೇವಲ್ಲ, ಅಷ್ಟು ಸಾಕು. ಮೇಲಿನ ಐದು ಸೆಂಟಿಮೀಟರ್, ಅಂದರೆ ಎರಡು ಇಂಚು ಮಣ್ಣು ಕೆರೆದು ಚೀಲಕ್ಕೆ ತುಂಬಿ. ಗೋಡೆಯ ಬುಡ, ಹೊಸ್ತಿಲ ಕೆಳಗೆ, ಒಲೆಯ ಸುತ್ತ, ನೀರಿನ ಮಡಕೆ ಇಡುವ ಜಾಗ, ಈ ನಾಲ್ಕು ಕಡೆ ಕೈ ತಪ್ಪುವುದು ಜಾಸ್ತಿ. ಕಲ್ಲು ತೊಳೆದ ಜಾಗದಲ್ಲಿ ಸೀಸ ಆಳಕ್ಕೆ ಇಳಿದಿರುತ್ತದೆ, ಅಲ್ಲಿ ಎರಡು ಇಂಚು ಸಾಲದು.

ಕೆರೆದಾದ ಮೇಲೆ ಮತ್ತೆ ಅಳೆಯಿರಿ. ಅಂಕಿ ಇಳಿಯದಿದ್ದರೆ ಮತ್ತೆ ಕೆರೆಯಿರಿ. 'ಸಾಕು ಬಿಡಿ, ಸಂಜೆ ಆಯ್ತು' ಅನ್ನುವ ಮೇಸ್ತ್ರಿ ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಸಹಿ ಮಾಡುವ ಅಧಿಕಾರ ಅವನಿಗೆ ಕೊಡಬೇಡಿ, ಅಳೆಯುವವರಿಗೆ ಕೊಡಿ.

ಆಮೇಲೆ ಶುದ್ಧ ಮಣ್ಣು. ಅದನ್ನು ಎಲ್ಲಿಂದ ತರುತ್ತೀರೋ ಆ ಜಾಗವನ್ನೂ ಮೊದಲು ಅಳೆದಿರಬೇಕು. ಎಂಟು ಸೆಂಟಿಮೀಟರ್‌ನಷ್ಟು ಹಾಸಿ, ದಿಮ್ಮಸು ಹಾಕಿ ಗಟ್ಟಿ ಮಾಡಿ. ಮಳೆಗಾಲಕ್ಕೆ ಮುಂಚೆ ಮುಗಿಸಿ. ಜಂಫಾರಾದಲ್ಲಿ ಜೂನ್‌ನಲ್ಲಿ ಕೆಲಸ ಶುರುವಾಗಿ, ಎರಡು ಹಳ್ಳಿ ಆಗುವಷ್ಟರಲ್ಲಿ ಮಳೆ ಹಿಡಿಯಿತು. ಉಳಿದ ಹಳ್ಳಿಗಳು ಮಳೆ ಬಿಡುವವರೆಗೆ ಕಾಯಬೇಕಾಯಿತು.

ಕೆಲಸದವರು ಅದೇ ಬಟ್ಟೆಯಲ್ಲಿ ಮನೆಗೆ ಹೋಗಬಾರದು. ಸ್ಥಳದಲ್ಲೇ ಸ್ನಾನ, ಬಟ್ಟೆ ಬದಲು. ಕೈ ತೊಳೆಯದೆ ಊಟ, ಬೀಡಿ ಬೇಡ.

ತೆಗೆದ ಮಣ್ಣು ಎಲ್ಲಿಗೆ? ಊರಿನಿಂದ ದೂರ, ಎತ್ತರದ ಜಾಗದಲ್ಲಿ, ಅಂತರ್ಜಲ ಆಳದಲ್ಲಿರುವ ಕಡೆ ಗುಂಡಿ ತೋಡಿ, ಜೇಡಿಮಣ್ಣು ಹಾಸಿ, ತುಂಬಿ, ಮೇಲೆ ದಪ್ಪಗೆ ಶುದ್ಧ ಮಣ್ಣು ಮುಚ್ಚಬೇಕು. ಬೇಲಿ ಹಾಕಿ, ಕಾವಲು ಇಡಿ. ಏಕೆಂದರೆ ಆ ಮಣ್ಣಲ್ಲಿ ಅಷ್ಟಿಷ್ಟು ಚಿನ್ನ ಉಳಿದಿರುತ್ತದೆ, ಅಗೆಯಲು ಬರುವವರು ಬಂದೇ ಬರುತ್ತಾರೆ.

ಕಸದ ಮೂಲವನ್ನು ಹಾಗೇ ಬಿಟ್ಟು ಮನೆ ಮಾತ್ರ ಶುಚಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಜಾಂಬಿಯಾದ ಕಾಬ್ವೆ ನೋಡಿ. ಅಲ್ಲಿನ ಸೀಸದ ಗಣಿ 1994ರಲ್ಲೇ ಮುಚ್ಚಿತು. ವಿಶ್ವ ಬ್ಯಾಂಕ್ ಹಣದಲ್ಲಿ 2003ರಿಂದ 2011ರವರೆಗೆ ಒಂದು ಯೋಜನೆಯೂ ನಡೆಯಿತು. ಆದರೂ ಗಣಿಯ ಕಸದ ದಿಬ್ಬಗಳು ಬಯಲಲ್ಲೇ ಉಳಿದವು. ಒಣಗಾಲದ ಗಾಳಿಗೆ ಧೂಳು ಮತ್ತೆ ಕಸಾಂಡಾ, ಮಕುಲುಲು ಕೇರಿಗಳ ಅಂಗಳಕ್ಕೆ ಬರುತ್ತದೆ. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಹಾಗೇ ಇದೆ. ಮೊದಲು ದಿಬ್ಬ ಮುಚ್ಚಿ, ಆಮೇಲೆ ಅಂಗಳಕ್ಕೆ ಬನ್ನಿ.

ಹಂತ 7: ಮದ್ದು

ಮಕ್ಕಳಿಗೆ ಕೊಡುವುದು ಡಿಎಂಎಸ್‌ಎ ಎಂಬ ಬಾಯಿಯ ಮಾತ್ರೆ. ಅದು ರಕ್ತದ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಮಕ್ಕಳು ಉಗಿಯುತ್ತಾರೆ, ತಾಯಂದಿರಿಗೆ ಮುಂಚೆಯೇ ಹೇಳಿಡಿ. ಸಾಮಾನ್ಯವಾಗಿ 19 ದಿನದ ಒಂದು ಸುತ್ತು. ಒಂದು ಸುತ್ತಿಗೆ ಮುಗಿಯುವುದಿಲ್ಲ. ಮೂಳೆಯಲ್ಲಿ ಕೂತ ಸೀಸ ಮತ್ತೆ ರಕ್ತಕ್ಕೆ ಇಳಿಯುತ್ತದೆ, ಅಂಕಿ ಮತ್ತೆ ಏರುತ್ತದೆ. ಎಷ್ಟು ಕೊಡಬೇಕು, ಎಷ್ಟು ಸುತ್ತು ಅನ್ನುವುದನ್ನು ವೈದ್ಯರೇ ನಿರ್ಧರಿಸಬೇಕು.

ಶುಚಿಯಾಗದ ಮನೆಗೆ ಮಗುವನ್ನು ವಾಪಸ್ ಕಳಿಸಿದರೆ ಮದ್ದು ವ್ಯರ್ಥ. ಫಿಟ್ಸ್ ಬರುತ್ತಿರುವ ಮಗುವನ್ನು ಮಾತ್ರ ಕಾಯಿಸುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಸೇರಿಸಿ, ಮನೆ ಶುಚಿಯಾಗುವವರೆಗೆ ಅಲ್ಲೇ ಅಥವಾ ಬೇರೆ ಕಡೆ ಇಟ್ಟುಕೊಳ್ಳಬೇಕು. ಜಂಫಾರಾದ ಬಗೇಗಾ ಎಂಬ ದೊಡ್ಡ ಹಳ್ಳಿಯಲ್ಲಿ ಆದದ್ದು ಇದೇ ಗೋಳು. ಮಕ್ಕಳ ರಕ್ತದಲ್ಲಿ ಸೀಸ ಇದೆ ಅಂತ ಗೊತ್ತಿತ್ತು, ಮದ್ದು ಕೊಡಲು ವೈದ್ಯರೂ ತಯಾರಿದ್ದರು. ಆದರೆ ಮಣ್ಣು ತೆಗೆಯಲು ಸರ್ಕಾರದ ಹಣ ಕೈಗೆ ಬಂದದ್ದು 2013ರ ಆರಂಭದಲ್ಲಿ. ಅಲ್ಲಿಯವರೆಗೆ ಮದ್ದು ಶುರು ಮಾಡುವ ಹಾಗಿರಲಿಲ್ಲ.

ಹಸಿದ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೂ ಅಷ್ಟೆ. ಬೇಳೆಕಾಳು, ಸೊಪ್ಪು, ಹಾಲು ಸಿಕ್ಕಷ್ಟು ಕೊಡಿ. ಊಟದ ಮೊದಲು ಕೈ ತೊಳೆಸಿ. ಆದರೆ ಇದು ಮದ್ದಿನ ಬದಲಿ ಅಲ್ಲ. 'ಬೆಳ್ಳುಳ್ಳಿ ತಿಂದರೆ ಸೀಸ ಹೋಗುತ್ತದೆ', 'ಡಿಟಾಕ್ಸ್ ಕಷಾಯ ಕುಡಿಯಿರಿ' ಅನ್ನುವ ವಾಟ್ಸಾಪ್ ವೈದ್ಯರನ್ನು ದೂರ ಇಡಿ.

ಹಂತ 8: ಮತ್ತೆ ಬರದಂತೆ

ಜಂಫಾರಾದ ಪಾಠ ಪಕ್ಕದ ರಾಜ್ಯಕ್ಕೂ ತಲುಪಿರಲಿಲ್ಲ. 2015ರಲ್ಲಿ ನೈಜೀರಿಯಾದ್ದೇ ಆದ ನೈಜರ್ ರಾಜ್ಯದ ಶಿಕಿರಾದಲ್ಲಿ ಅದೇ ಕಥೆ, 28 ಮಕ್ಕಳು ಸತ್ತರು. ಹಾಗಾಗಿ ಗಣಿಗಾರರ ಜೊತೆಗಿನ ಕೆಲಸ ಸ್ವಚ್ಛತೆಯಷ್ಟೇ ಮುಖ್ಯ. ಕಲ್ಲನ್ನು ಒಣದಾಗಿ ಬೀಸುವ ಬದಲು ನೀರು ಹಾಕಿ ಬೀಸುವುದು. ಸೀಸ ಜಾಸ್ತಿ ಇರುವ ಕಲ್ಲನ್ನು ಎಕ್ಸ್‌ಆರ್‌ಎಫ್‌ನಲ್ಲಿ ಗುರುತಿಸಿ ಬಿಟ್ಟುಬಿಡುವುದು. ಕೆಲಸದ ಬಟ್ಟೆ ಗಣಿಯಲ್ಲೇ ಬಿಡುವುದು. ಬೆನ್ನಿಗೆ ಮಗು ಕಟ್ಟಿಕೊಂಡು ಗಣಿಗೆ ಬರುವ ತಾಯಂದಿರಿಗೆ ದೂರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ.

ಗಣಿ ಇಲ್ಲದ ಊರುಗಳಿಗೆ ಸೀಸ ಬರಲು ಇನ್ನೊಂದು ದಾರಿ ಇದೆ, ಕಾರು, ಇನ್ವರ್ಟರ್‌ಗಳಲ್ಲಿರುವಂಥ ಹಳೇ ಸೀಸದ ಬ್ಯಾಟರಿ. ಸೆನೆಗಲ್‌ನ ರಾಜಧಾನಿ ಡಕಾರ್‌ನ ತಿಯರೋಯ್-ಸುರ್-ಮೇರ್ ಬಡಾವಣೆಯಲ್ಲಿ ವರ್ಷಗಟ್ಟಲೆ ಬ್ಯಾಟರಿ ಒಡೆದಿದ್ದರು. ಸೀಸದ ಬೆಲೆ ಏರಿದಾಗ ಜನ ಆ ಮಣ್ಣನ್ನೇ ಜರಡಿ ಹಿಡಿದು ಸೀಸ ಹೆಕ್ಕಿ ಮಾರಿದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು. ಈಗ ಸೋಲಾರ್ ದೀಪಗಳ ಜೊತೆ ಇಂಥ ಬ್ಯಾಟರಿ ಹಳ್ಳಿಹಳ್ಳಿಗೂ ಹೋಗುತ್ತಿವೆ. ಹಾಳಾದ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಆಸಿಡ್ ಚೆಲ್ಲಬೇಡಿ, ಅದರ ಜೊತೆ ಸೀಸವೂ ಚೆಲ್ಲುತ್ತದೆ. ಇಡಿಯಾಗಿ, ಆಸಿಡ್ ಸಮೇತ, ಪರವಾನಗಿ ಇರುವ ಕಡೆಗೆ ಕೊಡಿ. ಗುಜರಿಯವರು 'ಖಾಲಿ ಮಾಡಿ ತನ್ನಿ' ಅಂದರೆ ಅವರಿಗೆ ಕೊಡಲೇಬೇಡಿ. ಸೋಲಾರ್ ಅಳವಡಿಸುವ ಕಂಪನಿಯವರು ನೀವೇ ಆಗಿದ್ದರೆ, ಹೊಸ ಬ್ಯಾಟರಿ ಮಾರುವಾಗಲೇ ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಕರಾರು ಮಾಡಿಕೊಳ್ಳಿ.

ಬಣ್ಣ ಕೊಳ್ಳುವಾಗ ಸೀಸ 90 ಪಿಪಿಎಂಗಿಂತ ಕಡಿಮೆ ಇದೆಯಾ ಅಂತ ಕೇಳಿ. ಹಳೇ ಬಣ್ಣದ ಗೋಡೆಯನ್ನು ಒಣದಾಗಿ ಉಜ್ಜಬೇಡಿ. ಗುಜರಿ ಕರಗಿಸಿ ಮಾಡಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಯಿಸಬೇಡಿ. ಕ್ಯಾಮರೂನ್‌ನ ಅಂಥ ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯುವುದು ಪರೀಕ್ಷೆಯಲ್ಲಿ ಕಂಡಿದೆ.

ಹಂತ 9: ಕಾಗದ ಪತ್ರ

ಇದನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಶುರು ಮಾಡಬೇಕಾದದ್ದು ಮೊದಲ ದಿನದಿಂದ. ಕೆನ್ಯಾದ ಮೊಂಬಾಸಾದ ಓವಿನೋ ಉಹುರು ಬಡಾವಣೆಯ ಪಕ್ಕ 2007ರಲ್ಲಿ ಬ್ಯಾಟರಿ ಕರಗಿಸುವ ಕಾರ್ಖಾನೆ ಬಂತು. ಅಲ್ಲಿ ಕೆಲಸಕ್ಕಿದ್ದ ಫಿಲಿಸ್ ಒಮಿಡೊ ತಮ್ಮ ಮಗು ಕಾಯಿಲೆ ಬಿದ್ದಾಗ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸೀಸ ಸಿಕ್ಕಿತು. ಅವರು ಜನರನ್ನು ಸೇರಿಸಿ ಹೋರಾಡಿದರು, 2014ರಲ್ಲಿ ಕಾರ್ಖಾನೆ ಮುಚ್ಚಿತು. ನ್ಯಾಯಾಲಯ 130 ಕೋಟಿ ಕೆನ್ಯಾ ಶಿಲ್ಲಿಂಗ್ ಪರಿಹಾರ ಕೊಡಿ ಅಂದದ್ದು 2020ರಲ್ಲಿ. ಮೇಲ್ಮನವಿಗಳೆಲ್ಲ ಮುಗಿದು ಅಲ್ಲಿನ ಸುಪ್ರೀಂ ಕೋರ್ಟ್ ಜನರ ಪರ ತೀರ್ಪು ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ.

ಅಷ್ಟು ವರ್ಷ ತಡೆಯುವಂಥ ದಾಖಲೆ ಬೇಕು. ಪ್ರತಿ ಮಗುವಿನ ರಕ್ತದ ವರದಿ ದಿನಾಂಕ ಸಮೇತ. ಪ್ರತಿ ಅಂಗಳದ ಅಂಕಿ, ಕೆಲಸಕ್ಕೆ ಮುಂಚಿನದು, ನಂತರದ್ದು, ಫೋಟೋ ಸಮೇತ. ಯಾವ ಅಧಿಕಾರಿಗೆ ಯಾವತ್ತು ಅರ್ಜಿ ಕೊಟ್ಟಿರಿ ಅನ್ನುವುದಕ್ಕೆ ಸೀಲು ಬಿದ್ದ ಪ್ರತಿ. ಮಕ್ಕಳ ಹೆಸರಿರುವ ಕಾಗದ ಹೊರಗೆ ಹೋಗಬಾರದು, ಅದಕ್ಕೆ ನಂಬರ್ ಹಾಕಿ ಬೇರೆ ಪಟ್ಟಿ ಇಡಿ. ಒಂದು ಸೆಟ್ ಸಂಸ್ಥೆಯಲ್ಲಿ, ಒಂದು ವಕೀಲರ ಬಳಿ, ಒಂದು ಊರಲ್ಲೇ. ಸಂಸ್ಥೆಗಳ ಯೋಜನೆ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಮಳೆ ಕಳೆದಾಗಲೆಲ್ಲ ಅಂಗಳಗಳನ್ನು ಮತ್ತೆ ಅಳೆಸಬೇಕಾದವರು, ಹಳೆಯ ಅಂಕಿಯ ಜೊತೆ ಹೋಲಿಸಬೇಕಾದವರು ಊರಿನವರೇ. ಆ ಸೆಟ್ಟನ್ನು ಅವರ ಭಾಷೆಯಲ್ಲೇ ಬರೆದು ಕೊಡಿ.